ಅನುಮತಿಗೆ ಮುನ್ನ ತಂತಿ

ಮನೆ ಕಟ್ಟುವ ಕೆಲಸಗಳಲ್ಲಿ ಕಣ್ಣಿಗೆ ಕಾಣುವವು ಕೆಲವು, ಕಾಣದೆ ಅಡಗುವವು ಕೆಲವು. ಬಾಗಿಲಿನ ಮರವು ತೇಗವೋ ಹೊನ್ನೆಯೋ ಎಂಬುದನ್ನು ಬಂದ ನೆಂಟರೆಲ್ಲರೂ ತಟ್ಟಿ ನೋಡುವರು. ನೆಲದ ಕಲ್ಲಿನ ನುಣುಪನ್ನು ಮಕ್ಕಳು ಜಾರಾಡಿ ಪರೀಕ್ಷಿಸುವರು. ಗೋಡೆಯು ಓರೆಯಾಗಿದ್ದರೆ ದಾರಿಹೋಕನೂ ಹೇಳಿಯಾನು. ದೀಪದ ತಂತಿಯ ಗುಣದೋಷಗಳನ್ನಾದರೋ ನೋಡಿ ಹೇಳಬಲ್ಲವರಿಲ್ಲ. ಗಾರೆಯು ಮುಚ್ಚಿದ ಮೇಲೆ ಅದನ್ನು ಹಾಕಿದವನಿಗೂ ಅದು ಕಾಣದು. ಆದುದರಿಂದ, ಮಿಕ್ಕ ಕೆಲಸಗಳಲ್ಲಿ ಆತುರವು ಅಂದಗೇಡನ್ನೋ ನಷ್ಟವನ್ನೋ ತಂದರೆ, ಈ ಒಂದು ಕೆಲಸದಲ್ಲಿ ಪ್ರಾಣಕ್ಕೇ ಎರವಾಗಬಹುದು. ಹೀಗಿದ್ದರೂ ಬೆಂಗಳೂರಿನ ಹೊರವಲಯದಲ್ಲಿ, ಕಟ್ಟಡಕ್ಕೆ ಅನುಮತಿ ದೊರೆಯುವ ಮೊದಲೇ ವೈರಿಂಗ್ ಕೆಲಸವನ್ನು ತೊಡಗುವ ವಾಡಿಕೆಯು ಎಷ್ಟು ಸಹಜವಾಗಿ ಬೆಳೆದಿದೆಯೆಂದರೆ, ಅದರ ಯುಕ್ತಾಯುಕ್ತತೆಯನ್ನು ಕುರಿತು ಮಾತನಾಡುವವರೇ ವಿರಳ. ಆ ವಿಷಯವನ್ನು ಗೃಹಸ್ಥರಾದ ವಾಚಕರ ಮುಂದಿಟ್ಟು ಸ್ವಲ್ಪ ವಿಚಾರ ಮಾಡಬೇಕೆಂಬುದು ನಮ್ಮ ಆಶಯ.

ಹಿಂದೆ ಈ ಕೆಲಸದ ಕ್ರಮವೇ ಬೇರೆಯಾಗಿತ್ತು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಆ ಕಾಲದ ಮನೆಗಳು ಮೊದಲೇ ನಿಂತಿದ್ದವು. ದೀಪವು ಆಮೇಲೆ ಬಂದ ಅತಿಥಿ. ಗೋಡೆಯ ಮೇಲೆ ಮರದ ಪಟ್ಟಿಗಳನ್ನು ಹೊಡೆದು, ಅವುಗಳ ಮೇಲೆ ತಂತಿಯನ್ನು ಒಯ್ಯುತ್ತಿದ್ದರು. ನೋಟಕ್ಕೆ ಅದು ಚೆಂದವಿರಲಿಲ್ಲವೆಂಬುದು ದಿಟ. ಆದರೆ ಎಲ್ಲಿ ಹೊದಿಕೆ ಬಿರಿದಿದೆ, ಎಲ್ಲಿ ಇಲಿ ಕಡಿದಿದೆ ಎಂಬುದು ಮನೆಯವರಿಗೆ ಜೇಡರ ಬಲೆ ತೆಗೆಯುವಾಗಲೇ ತಿಳಿಯುತ್ತಿತ್ತು. ಈಗ ಕ್ರಮವು ತಲೆಕೆಳಗಾಗಿದೆ. ತಾರಸಿಗೆ ಕಂಬಿ ಕಟ್ಟಿದೊಡನೆ, ಮೋಲ್ಡು ಹಾಕುವುದಕ್ಕೆ ಮುಂಚೆಯೇ, ಎಲೆಕ್ಟ್ರಿಷಿಯನ್ನನು ಬಂದು ಕಂಬಿಗಳ ನಡುವೆ ಪೈಪುಗಳನ್ನೂ ಫ್ಯಾನಿನ ಡಬ್ಬಿಗಳನ್ನೂ ಕೂರಿಸಿ ಹೋಗಬೇಕು. ಕಾಂಕ್ರೀಟು ಬಿದ್ದ ಮೇಲೆ ಆ ದಾರಿಗಳನ್ನು ಬದಲಿಸಬೇಕಾದರೆ ಉಳಿ ಸುತ್ತಿಗೆಗಳಿಂದ ಒಡೆಯುವುದೊಂದೇ ಉಪಾಯ. ಹೀಗೆ ಕಟ್ಟಕಡೆಗೆ ಬೆಳಗುವ ದೀಪದ ಕೆಲಸವು ಸೂರು ಮುಚ್ಚುವುದಕ್ಕೂ ಮೊದಲೇ ಆರಂಭವಾಗುವುದು. ಅನುಮತಿಯಿಲ್ಲದೆ ಕಟ್ಟಲು ತೊಡಗಿದವನು, ತಾನು ಬೇರೆಯಾಗಿ ನಿಶ್ಚಯಿಸದಿದ್ದರೂ, ಅನುಮತಿಯಿಲ್ಲದೆ ವಿದ್ಯುತ್ ಕೆಲಸವನ್ನೂ ತೊಡಗಿದಂತಾಯಿತು.

ಈ ಆತುರಕ್ಕೆ ಕಾರಣಗಳಿಲ್ಲವೆಂದಲ್ಲ. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳ ಬಳಿ ಎಲೆಕ್ಟ್ರಾನಿಕ್ ಸಿಟಿಯೂ, ನಗರದ ಇನ್ನೊಂದು ದಿಕ್ಕಿನಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ ತಲೆಯೆತ್ತಿದವು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆಗೆ ತಂತ್ರಾಂಶದ ಕಚೇರಿಗಳು ಬಂದವು. ದುಡಿಯಲು ಬಂದವರಿಗೆ ಇರಲು ಮನೆ ಬೇಕಾಯಿತು. ರಾಗಿಯ ಹೊಲಗಳು ನಿವೇಶನಗಳಾದವು. ಭೂಪರಿವರ್ತನೆಯಾಗಲಿ ಬಡಾವಣೆಯ ಮಂಜೂರಾತಿಯಾಗಲಿ ಇಲ್ಲದ ಕಂದಾಯ ನಿವೇಶನಗಳೂ ಕೈಯಿಂದ ಕೈಗೆ ಮಾರಾಟವಾದವು. 2007ರಲ್ಲಿ 7 ನಗರಸಭೆಗಳನ್ನೂ, ಒಂದು ಪುರಸಭೆಯನ್ನೂ, 110 ಹಳ್ಳಿಗಳನ್ನೂ ಬೆಂಗಳೂರಿನ ಮಹಾನಗರಪಾಲಿಕೆಗೆ ಸೇರಿಸಿದಾಗ, ಈ ನಿವೇಶನಗಳೆಲ್ಲ ಪಟ್ಟಣದ ಎಲ್ಲೆಯೊಳಗೆ ಬಂದವು. ಅಂತಹವಕ್ಕೆ ‘ಬಿ ಖಾತೆ’ ಎಂಬ ಬೇರೆಯೇ ಹೆಸರು ಬಿದ್ದಿತು. ತೆರಿಗೆ ಕೊಡುವುದಕ್ಕೆ ಆ ಖಾತೆಯು ಸಾಕು. ನಕ್ಷೆಯ ಮಂಜೂರಾತಿ ಪಡೆಯುವುದಕ್ಕೆ ಸಾಲದು. ಇಂತಹ ಅಕ್ರಮಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಸರ್ಕಾರದ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆಯೊಡ್ಡಿತು. ಕಷ್ಟಪಟ್ಟು ಒಂದು ತುಂಡು ನೆಲವನ್ನು ಕೊಂಡ ಬಡಗೃಹಸ್ಥನು, ಅನುಮತಿಯನ್ನು ಕೇಳಿದರೆ ಸಿಕ್ಕದು, ಕೇಳದೆ ಕಟ್ಟಿದರೆ ಯಾರೂ ಬೇಡವೆನ್ನರು ಎಂಬ ಲೋಕಾನುಭವವನ್ನು ಹೀಗೆ ಕಲಿತನು.

ಮಂಜೂರಾತಿಗೆ ಅರ್ಹವಾದ ನಿವೇಶನವುಳ್ಳವರೂ ಕಾಯುವುದಿಲ್ಲ. ಸಾಲದ ಬಡ್ಡಿಯು ಭಾನುವಾರವೂ ಬೆಳೆಯುವುದು. ಇದ್ದ ಮನೆಯ ಬಾಡಿಗೆಯನ್ನೂ ಕಟ್ಟುವ ಮನೆಯ ಕಂತನ್ನೂ ಒಟ್ಟಿಗೆ ತೆರುವುದು ಸುಲಭವಲ್ಲ. ಆಷಾಢ ಕಳೆದರೆ ಶ್ರಾವಣದಲ್ಲಿ ಗೃಹಪ್ರವೇಶವೆಂದು ಜೋಯಿಸರು ಮುಹೂರ್ತವನ್ನಿಟ್ಟಿರುವರು. ಸೆಂಟ್ರಿಂಗಿನ ಆಳುಗಳು ಈ ವಾರ ಬಿಟ್ಟರೆ ಇನ್ನೊಂದು ಕಟ್ಟಡಕ್ಕೆ ಹೋಗುವರು. ಇಷ್ಟೂ ಒತ್ತಾಯಗಳು ಒಂದು ಕಡೆ, ಕಚೇರಿಯ ಒಂದು ಕಾಗದವು ಇನ್ನೊಂದು ಕಡೆ. ‘ಕಾಗದ ಹೇಗೂ ಬರುತ್ತದೆ, ಪೈಪು ಹಾಕಿಸಿಬಿಡೋಣ’ ಎಂದು ಮನಸ್ಸು ವಾಲುವುದು ಆಶ್ಚರ್ಯವಲ್ಲ.

ಇನ್ನು, ಆ ಕಾಗದದಿಂದ ತಂತಿಗೆ ಆಗುವ ಉಪಕಾರವೇನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡಬೇಕು. ನಕ್ಷೆಯನ್ನು ಮಂಜೂರು ಮಾಡುವ ಅಧಿಕಾರಿಯು ತಂತಿಯ ದಪ್ಪವನ್ನು ಅಳೆಯುವುದಿಲ್ಲ. ಸ್ವಿಚ್ಚನ್ನು ಒತ್ತಿ ನೋಡುವುದಿಲ್ಲ. ತಂತಿಯ ಕೆಲಸಕ್ಕೆ ಹೊಣೆಗಾರನು ಬೇರೆ: ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯುಳ್ಳ ಗುತ್ತಿಗೆದಾರನು. ಅನುಮತಿಯು ಮಾಡುವ ಉಪಕಾರವು ಇನ್ನೊಂದು ಬಗೆಯದು. ಎಷ್ಟು ಅಂತಸ್ತು, ಎಷ್ಟು ಸಂಸಾರ, ನಾಲ್ಕು ಕಡೆ ಎಷ್ಟು ತೆರವು, ವಾಸಕ್ಕೋ ಅಂಗಡಿಗೋ ಎಂಬುದೆಲ್ಲವನ್ನೂ ಅದು ಮುಂಚಿತವಾಗಿ ಗೊತ್ತುಮಾಡುವುದು. ತಂತಿಯು ಮೊದಲು ಕೇಳುವ ಪ್ರಶ್ನೆಗಳೂ ಇವೇ. ಉತ್ತರ ಗೊತ್ತಿಲ್ಲದೆ ತಂತಿ ಹಾಕುವುದೆಂದರೆ, ಎಷ್ಟು ಎಲೆ ಹಾಕುವರೆಂದು ತಿಳಿಯದೆ ಮದುವೆಯ ಅಡಿಗೆಗೆ ಅಕ್ಕಿ ಅಳೆದಂತೆ. ಆದರೆ ಅಲ್ಲಿ ಅನ್ನ ಸಾಲದಿದ್ದರೆ ಇನ್ನೊಂದು ಒಲೆ ಹೊತ್ತಿಸಬಹುದು.

ನಮ್ಮ ಬೀದಿಯಲ್ಲಿಯೇ ಕೆಲವು ವರ್ಷಗಳ ಹಿಂದೆ ಒಬ್ಬ ಗೃಹಸ್ಥರು ಮನೆ ಕಟ್ಟಿಸಿದರು. ಕಂಬಿ ಕಟ್ಟಿದ ತಾರಸಿಯ ಮೇಲೆ ನಿಂತು ಎಲೆಕ್ಟ್ರಿಷಿಯನ್ ಹುಡುಗನು, “ಒಟ್ಟು ಎಷ್ಟು ಮನೆ ಆಗ್ತವೆ ಸಾರ್?” ಎಂದು ಕೇಳಿದುದನ್ನು ನಾವು ಕಿವಿಯಾರೆ ಕೇಳಿದೆವು. “ಸದ್ಯಕ್ಕೆ ಎರಡು ಅಂದುಕೋ. ನೀನು ಪೈಪು ಹಾಕಪ್ಪಾ, ಆಮೇಲೆ ನೋಡೋಣ” ಎಂಬುದು ಅವರ ಉತ್ತರ. ಆ ‘ಆಮೇಲೆ’ ಬಂದಿತು. ಎರಡು ಮನೆಗಳು ನಾಲ್ಕಾದವು, ಮೇಲೊಂದು ಅಂತಸ್ತೇರಿ ಆರಾದವು. ಕಚೇರಿಗೆ ಹೋಗುವ ತರುಣರು ಬಾಡಿಗೆಗೆ ಬಂದರು. ಕೆಳಗಿನ ಮೀಟರ್ ಬೋರ್ಡಿನಿಂದ ಮೇಲಕ್ಕೆ ಹೋಗುವ ಮುಖ್ಯ ತಂತಿಯು ಮಾತ್ರ ಎರಡು ಸಂಸಾರಕ್ಕೆ ಎಣಿಸಿ ಹಾಕಿದುದೇ ಉಳಿಯಿತು. ಪೈಪಿನೊಳಗೆ ಇನ್ನೊಂದು ತಂತಿ ತೂರಲು ಎಡೆಯಿರಲಿಲ್ಲ.

ಇದರ ಫಲವನ್ನು ಲೆಕ್ಕ ಹಾಕಿ ನೋಡಬಹುದು. 2,000 ವಾಟಿನ ಒಂದು ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಎಳೆಯುವುದು. ಎರಡು ಗೀಸರುಗಳಿಗೆ 18. ಬೆಳಗಿನ ಏಳು ಗಂಟೆಗೆ ಆರು ಮನೆಯವರೂ ಸ್ನಾನಕ್ಕೆ ಹೊರಟರೆ 50 ಆಂಪಿಯರಿಗೂ ಮೇಲೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದೆಂಬುದು ಪ್ರೌಢಶಾಲೆಯ ಪಾಠ. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಪಟ್ಟು. ಹೀಗೆ ದಿನವೂ ಕಾದು ಆರುವ ತಂತಿಯ ಹೊದಿಕೆಯು ಗೋಡೆಯೊಳಗೇ ಗಡುಸಾಗಿ ಬಿರಿಯುವುದು. ನಮ್ಮ ನೆರೆಯ ಮನೆಯಲ್ಲಿ ಒಂದು ಬೆಳಗ್ಗೆ ಮೆಟ್ಟಿಲ ಬಳಿಯ ಡಬ್ಬಿಯಿಂದ ಸುಟ್ಟ ವಾಸನೆ ಬಂದಿತು. ಮೇನ್ ಸ್ವಿಚ್ಚನ್ನು ತೆಗೆದು, ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಹೊಸ ತಂತಿ ಹಾಕಿಸಬೇಕಾಯಿತು. ದೇವರ ದಯೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಅಲ್ಲಿ ಎಲೆಕ್ಟ್ರಿಷಿಯನ್ನನ ಕೈಗುಣವು ಕೆಟ್ಟುದಾಗಿರಲಿಲ್ಲ. ಅವನು ಕೇಳಿದ ಪ್ರಶ್ನೆಗೆ ಉತ್ತರವು ಸಿಕ್ಕಿರಲಿಲ್ಲ, ಅಷ್ಟೆ.

ಮನೆಯ ಹೊರಗಿನ ತಂತಿಯ ಮಾತೂ ಹೀಗೆಯೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಂತೆ, ಬೀದಿಯ ಕಂಬಗಳ ಮೇಲೆ ಹರಿಯುವ 11 ಕಿಲೋವೋಲ್ಟಿನ ತೆರೆದ ತಂತಿಗೂ ಕಟ್ಟಡಕ್ಕೂ ಪಕ್ಕದಲ್ಲಿ 1.2 ಮೀಟರ್, ಮೇಲುಗಡೆ 3.7 ಮೀಟರ್ ಅಂತರವಾದರೂ ಇರಬೇಕು. ಬಿಡಬೇಕಾದ ತೆರವನ್ನು ಬಿಟ್ಟು ಕಟ್ಟಿದ ಮನೆಗೆ ಈ ಅಂತರವು ಬಹುಮಟ್ಟಿಗೆ ತಾನಾಗಿಯೇ ದೊರೆಯುವುದು. ಬಾಲ್ಕನಿಯನ್ನು ರಸ್ತೆಯ ಮೇಲಕ್ಕೆ ಚಾಚಿದ ಮನೆಯಲ್ಲಿಯೋ, ಬಟ್ಟೆ ಒಣಹಾಕುವ ಹೆಂಗಸಿನ ಕೈಗೂ ಗಾಳಿಪಟ ಹಾರಿಸುವ ಹುಡುಗನ ದಾರಕ್ಕೂ ಆ ತಂತಿಯು ಎಟುಕುವಷ್ಟು ಸಮೀಪಕ್ಕೆ ಬರುವುದು. ವೈಟ್‌ಫೀಲ್ಡು, ಹೂಡಿ, ಬೊಮ್ಮನಹಳ್ಳಿಗಳ ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ತಲೆಯೆತ್ತಿ ನೋಡುತ್ತ ನಡೆದವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಪೀಣ್ಯದ ಕಾರ್ಖಾನೆಗಳ ವಿಷಯದಲ್ಲಿ ನಿಯಮವು ಹೆಚ್ಚು ಕಟ್ಟುನಿಟ್ಟು. 11 ಕಿಲೋವೋಲ್ಟಿನ ಸಂಪರ್ಕ ಪಡೆದು ತನ್ನದೇ ಟ್ರಾನ್ಸ್‌ಫಾರ್ಮರನ್ನು ನೆಟ್ಟಿರುವ ಕಾರ್ಖಾನೆಯು, ಪರಿವೀಕ್ಷಣಾಲಯದ ಅಥವಾ ನಿಯಮಾನುಸಾರ ಅರ್ಹರಾದವರ ತಪಾಸಣೆಯಾಗದೆ ಅದಕ್ಕೆ ವಿದ್ಯುತ್ತನ್ನು ಹರಿಸುವಂತಿಲ್ಲ. ಲೇತು ಯಂತ್ರವನ್ನು ಕಾಯುವುದಕ್ಕೆ ಇಷ್ಟು ಕಣ್ಣುಗಳಿರುವಾಗ, ತೊಟ್ಟಿಲಿನ ಮಗುವು ಮಲಗುವ ಮನೆಯನ್ನು ಕಾಯುವ ಕಣ್ಣುಗಳು ಮನೆಯ ಯಜಮಾನನವು, ಅವನು ನೇಮಿಸಿದ ಗುತ್ತಿಗೆದಾರನವು, ಎರಡೇ. ಆ ಎರಡೂ ಆತುರದಲ್ಲಿ ಮುಚ್ಚಿದರೆ ಮೂರನೆಯದಿಲ್ಲ.

ಇಷ್ಟು ಕಾಲವೂ ಈ ಆತುರಕ್ಕೆ ಒಂದು ಅಭಯವಿತ್ತು. ನಕ್ಷೆಯು ಹೇಗಾದರೂ ಇರಲಿ, ಕೊನೆಗೆ ಮೀಟರು ಬರುವುದೆಂಬ ನಂಬಿಕೆಯೇ ಅದು. ಅರ್ಜಿ ಕೊಟ್ಟ ಮಾಲೀಕನಿಗೂ ವಾಸಿಯಾದವನಿಗೂ ಒಂದು ತಿಂಗಳೊಳಗೆ ವಿದ್ಯುತ್ತನ್ನು ಕೊಡತಕ್ಕುದೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮು ಹೇಳುವುದಷ್ಟೆ. ಆದರೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಒಂದು ತೀರ್ಪನ್ನು ಕೊಟ್ಟಿತು. ಮೊಕದ್ದಮೆಯು ಉತ್ತರಪ್ರದೇಶದ ಮೀರತ್ ನಗರದ್ದು. ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಅನುಮತಿಯಿಲ್ಲದೆ ಅಂಗಡಿಗಳನ್ನು ಕಟ್ಟಿದ ಪ್ರಸಂಗ. ನ್ಯಾಯಮೂರ್ತಿಗಳು ಆ ಒಂದು ಕಟ್ಟಡದ ವಿಷಯಕ್ಕೇ ನಿಲ್ಲದೆ, ಕಟ್ಟಡವು ನಕ್ಷೆಗೆ ಅನುಗುಣವಾಗಿ ಮುಗಿದಿದೆಯೆಂಬ ಪತ್ರವನ್ನೋ ಸ್ವಾಧೀನಾನುಭವದ ಪತ್ರವನ್ನೋ ತೋರಿಸಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕವನ್ನು ಕೊಡಬೇಕೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆಜ್ಞಾಪಿಸಿದರು. 2025ರಲ್ಲಿ ಈ ಆಜ್ಞೆಯು ಬೆಂಗಳೂರಿನಲ್ಲಿ ಜಾರಿಗೆ ಬಂದಾಗ ಸಾವಿರಾರು ಅರ್ಜಿಗಳು ಬೆಸ್ಕಾಂ ಕಚೇರಿಗಳಲ್ಲಿ ನಿಂತುಹೋದವು.

ಆ ವರ್ಷ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಗೋಡೆಯ ತುಂಬ ಹೊಳೆಯುವ ಸ್ವಿಚ್ಚುಗಳು. ಹಾಲಿನ ನಡುವೆ ಗಾಜಿನ ದೀಪಗುಚ್ಛ. ಒತ್ತಿದರೆ ಯಾವುದೂ ಹೊತ್ತದು. ಪಕ್ಕದ ಮನೆಯ ಕಿಟಕಿಯಿಂದ ಎಳೆದ ಒಂದು ಉದ್ದನೆಯ ತಂತಿಯ ತುದಿಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಆ ತಂತಿಯು ಒದ್ದೆಯಾದ ಅಂಗಳವನ್ನು ದಾಟಿ ಬಂದಿತ್ತು. ಮಕ್ಕಳು ಅದನ್ನು ಹಾರಿ ಹಾರಿ ಆಡುತ್ತಿದ್ದರು. ಮನೆಯ ಅಜ್ಜಿಯವರು ಸೊಸೆಯನ್ನು ಕರೆದು, “ಹಾಲೇನೋ ಉಕ್ಕಿತಮ್ಮಾ, ದೀಪ ಯಾವಾಗ ಹತ್ತುತ್ತೆ?” ಎಂದು ಕೇಳಿದರು. ಉತ್ತರ ಹೇಳುವವರಿರಲಿಲ್ಲ. ಕೆಲವು ತಿಂಗಳು ಆ ಸಂಸಾರವು ಕಟ್ಟಡ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಲ್ಲಿಯೇ, ಮಾಮೂಲಿಗಿಂತ ಹೆಚ್ಚಿನ ದರವನ್ನು ತೆತ್ತು, ಕಾಲ ಹಾಕಿತು.

2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು, 1,200 ಚದರ ಅಡಿಯವರೆಗಿನ ನಿವೇಶನಗಳಲ್ಲಿ ನೆಲ ಅಂತಸ್ತಿನ ಮೇಲೆ ಎರಡು, ಅಥವಾ ವಾಹನ ನಿಲ್ಲಿಸುವ ಸ್ಟಿಲ್ಟಿನ ಮೇಲೆ ಮೂರು ಅಂತಸ್ತುಗಳಿರುವ ವಾಸದ ಮನೆಗಳಿಗೆ ಸ್ವಾಧೀನಪತ್ರದಿಂದ ವಿನಾಯಿತಿ ಕೊಡಲು ನಿಶ್ಚಯಿಸಿತು. ಮೂವತ್ತು ನಲವತ್ತರ ನಿವೇಶನದ ಗೃಹಸ್ಥರಿಗೆ ಇದು ದೊಡ್ಡ ಸಮಾಧಾನ. ಆದರೆ ವಿನಾಯಿತಿಯು ಕಡೆಯ ಪತ್ರಕ್ಕೆ ಸಂಬಂಧಿಸಿದುದು. ಮೊದಲು ಪಡೆಯಬೇಕಾದ ನಕ್ಷೆಯ ಅನುಮತಿಯೇ ಬೇಡವೆಂದು ಅದರ ಅರ್ಥವಲ್ಲ. ಕೊನೆಯ ಬಾಗಿಲು ತೆರೆಯಿತೆಂದು ಮೊದಲ ಮೆಟ್ಟಿಲನ್ನು ಬಿಟ್ಟು ನಡೆಯಲಾಗದು.

ಇದುವರೆಗೆ ಮನೆಯ ಒಡೆಯನ ಕಷ್ಟನಷ್ಟಗಳನ್ನು ಹೇಳಿದೆವು. ಅವನಿಗಿಂತ ಮೊದಲು ಆ ಮನೆಯಲ್ಲಿ ವಾಸಮಾಡುವವರು ಬೇರೆ ಇದ್ದಾರೆ. ರಾಯಚೂರು, ಯಾದಗಿರಿಗಳಿಂದಲೂ ದೂರದ ಬಿಹಾರ, ಬಂಗಾಳಗಳಿಂದಲೂ ಬಂದ ಕೂಲಿಕಾರರು, ಅರ್ಧ ಕಟ್ಟಿದ ಮನೆಯ ನೆಲ ಅಂತಸ್ತಿನಲ್ಲಿಯೇ ಒಲೆ ಹೂಡಿ ಮಲಗುವರು. ಮೇಲೆ ತಾರಸಿಗೆ ನೀರುಣಿಸಿದ ತೇವವು ಗೋಡೆಗಳಲ್ಲಿ ಇಳಿಯುತ್ತಿರುವುದು. ಕೆಳಗೆ ಕಲ್ಲು ಕೊಯ್ಯುವ ಯಂತ್ರದ ತಂತಿಯು ನೀರಿನಲ್ಲಿಯೇ ಬಿದ್ದಿರುವುದು. ಅರ್ಥಿಂಗಿಗೆ ಗುಂಡಿ ತೋಡುವುದು ‘ಕೊನೆಗೆ’ ಎಂದು ಬಿಟ್ಟಿರುತ್ತಾರೆ. ಮನುಷ್ಯನ ಮೈಯ ಮೂಲಕ ಸೋರುವ ಪ್ರವಾಹವನ್ನು 30 ಮಿಲಿ ಆಂಪಿಯರಿನಲ್ಲಿಯೇ ಗುರುತಿಸಿ ಕ್ಷಣಾರ್ಧದಲ್ಲಿ ಕಡಿಯುವ ಉಪಕರಣವು ಅಂಗಡಿಗಳಲ್ಲಿ ದೊರೆಯುವುದು, ಆರ್.ಸಿ.ಸಿ.ಬಿ. ಎಂದು ಅದರ ಹೆಸರು. ಗೀಸರು ಎಳೆಯುವ ಪ್ರವಾಹದ ಮುನ್ನೂರರಲ್ಲಿ ಒಂದು ಪಾಲು ಅದು. ಅಷ್ಟು ಅಲ್ಪವಾದ ಸೋರಿಕೆಯು ಸಾಮಾನ್ಯ ಫ್ಯೂಸಿಗೆ ತಿಳಿಯುವುದೇ ಇಲ್ಲ. ಮನುಷ್ಯನನ್ನು ಕೊಲ್ಲುವುದಕ್ಕೆ ಮಾತ್ರ ಅದಕ್ಕಿಂತ ಬಹಳ ಹೆಚ್ಚೇನೂ ಬೇಕಾಗಿಲ್ಲ. ಅನುಮತಿಯಿಲ್ಲದ ಕಟ್ಟಡದಲ್ಲಿ ಅವಘಡವಾದರೆ ಆ ಕೂಲಿಕಾರನು ಅಲ್ಲಿ ಇದ್ದನೆಂಬುದಕ್ಕೂ ಎಷ್ಟೋ ವೇಳೆ ದಾಖಲೆಯಿರುವುದಿಲ್ಲ. 2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಹೊರಮಾವಿನ ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದು ಹಲವು ಕಾರ್ಮಿಕರು ಮಡಿದರು. ಆ ನಿರ್ಮಾಣವು ನಿಯಮಬಾಹಿರವಾದುದೆಂದು ಸರ್ಕಾರದವರು ಅನಂತರ ಹೇಳಿದರು. ಅಲ್ಲಿ ಕೆಡುಕು ತಂದುದು ತಂತಿಯಲ್ಲ. ಆದರೆ ಕಾಗದಕ್ಕೆ ಕಾಯದೆ ನಡೆದ ಕೆಲಸದ ಬೆಲೆಯನ್ನು ಮೊದಲು ತೆರುವವರು ಯಾರೆಂಬುದನ್ನು ಆ ದಿನವು ತೋರಿಸಿತು.

ಹಾಗಾದರೆ ಅನುಮತಿ ಬರುವವರೆಗೆ ಗೃಹಸ್ಥನು ಕೈಕಟ್ಟಿ ಕುಳಿತಿರಬೇಕೆ? ಬೇಕಾಗಿಲ್ಲ. ಕೂಡದೆಂದು ಹೇಳತಕ್ಕುದು ಗೋಡೆ ತಾರಸಿಗಳಲ್ಲಿ ಕೈಯಿಡುವ ಕೆಲಸ. ಕಾಗದದ ಮೇಲೆ ಮಾಡುವ ಕೆಲಸವು ಬೇಕಾದಷ್ಟಿದೆ. ಮನೆಯವರೆಲ್ಲರೂ ಕುಳಿತು, ಯಾವ ಕೋಣೆಯಲ್ಲಿ ಏನು ಬೇಕೆಂದು ಪಟ್ಟಿ ಮಾಡಬಹುದು. ಅಡಿಗೆಮನೆಯ ಮಿಕ್ಸಿ ಎಲ್ಲಿ, ವಾಷಿಂಗ್ ಯಂತ್ರವೆಲ್ಲಿ ಎಂಬುದನ್ನು ಆ ಕೆಲಸ ಮಾಡುವ ಹೆಂಗಸರೇ ಹೇಳಲಿ. ಗಂಡಸರು ಊಹಿಸಿ ಇಟ್ಟ ಪಾಯಿಂಟುಗಳು ಬೀರುವಿನ ಹಿಂದೆ ಅಡಗುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಮುಂದೆ ಎಂದಾದರೂ ಬರಬಹುದಾದ ವಿದ್ಯುತ್ ವಾಹನದ ಲೆಕ್ಕವನ್ನೂ ಸೇರಿಸಲಿ. ಪರವಾನಗಿಯುಳ್ಳ ಗುತ್ತಿಗೆದಾರನನ್ನು ಗೊತ್ತುಮಾಡಿ, ಅವನ ಪರವಾನಗಿಯು ಊರ್ಜಿತವಾಗಿದೆಯೇ ಎಂದು ಕೇಳಿ ನೋಡಲಿ. ವಾಡಿಕೆಯಾಗಿ ದೀಪಗಳಿಗೆ 1.5, ಸಾಕೆಟ್ಟುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹಾಕುವರು; ತನ್ನ ಮನೆಗೆ ಎಷ್ಟೆಂಬುದನ್ನು ಬರೆಯಿಸಿ ರುಜು ಮಾಡಿಸಿಕೊಳ್ಳಲಿ. ಅನುಮತಿಯು ಕೈಸೇರಿದ ಮೇಲೆ ತಾತ್ಕಾಲಿಕ ಸಂಪರ್ಕವನ್ನು ವಿಧಿವತ್ತಾಗಿ ಪಡೆದು, ಮೊದಲ ದಿನವೇ ಅರ್ಥಿಂಗನ್ನೂ ಆರ್.ಸಿ.ಸಿ.ಬಿ.ಯನ್ನೂ ಹಾಕಿಸಲಿ. ಪೈಪು ಕೂರಿಸಿದ ದಿನ, ಮೋಲ್ಡು ಹಾಕುವ ಮುನ್ನ, ಪ್ರತಿಯೊಂದು ಕೋಣೆಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಲಿ. ಹತ್ತು ವರ್ಷಗಳ ಮೇಲೆ ಗೋಡೆಗೆ ಮೊಳೆ ಹೊಡೆಯುವಾಗ ಆ ಚಿತ್ರವು ಪ್ರಾಣವನ್ನು ಉಳಿಸೀತು.

ಕಚೇರಿಗಳಿಗೂ ಒಂದು ಮಾತು ಸಲ್ಲುವುದು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನ ಆಡಳಿತವು ಐದು ನಗರಪಾಲಿಕೆಗಳಿಗೆ ಹಂಚಿಹೋಗಿದೆ. ಹತ್ತಿರ ಬಂದ ಕಚೇರಿಯು ಕೆಲಸದಲ್ಲಿಯೂ ಹತ್ತಿರವಾಗಬೇಕು. ಕ್ರಮವಾಗಿ ಅರ್ಜಿ ಕೊಟ್ಟವನು ತಿಂಗಳುಗಟ್ಟಲೆ ಕಾಯುತ್ತಿರುವಾಗ, ಕೊಡದೆ ಕಟ್ಟಿದವನು ಬಾಡಿಗೆ ಎಣಿಸುತ್ತಿದ್ದರೆ, ಧರ್ಮೋಪದೇಶವು ಯಾರ ಕಿವಿಗೂ ಹೋಗದು. ಕಂದಾಯ ನಿವೇಶನವನ್ನು ತಿಳಿಯದೆ ಕೊಂಡ ಸಣ್ಣವರಿಗೆ ಸರಿಯಾದ ದಾರಿಯನ್ನು ತೋರಿಸುವುದೂ ಸರ್ಕಾರದ ಹೊಣೆಯೇ. ಆದರೆ ಕಚೇರಿಯು ತಡಮಾಡಿತೆಂದು ತಂತಿಯು ತನ್ನ ಸ್ವಭಾವವನ್ನು ಬಿಡುವುದಿಲ್ಲ. ಅಧಿಕಾರಿಯ ತಪ್ಪಿಗೆ ನಮ್ಮ ಮಕ್ಕಳನ್ನು ಹೊಣೆಯಾಗಿಸುವುದು ನ್ಯಾಯವಲ್ಲ.

ಮನೆಯನ್ನು ಕಟ್ಟುವವರು ನಾವಾದರೂ, ಅದರಲ್ಲಿ ನಮಗಿಂತ ಬಹುಕಾಲ ಬಾಳುವವರು ಬೇರೆಯವರು: ಬಾಡಿಗೆಗೆ ಬಂದ ಅಪರಿಚಿತರು, ಮೊಮ್ಮಕ್ಕಳು, ಮುಂದೆ ಕೊಳ್ಳುವವರು. ಗೋಡೆಯೊಳಗೆ ನಾವು ಏನನ್ನು ಅಡಗಿಸಿದೆವೆಂಬುದು ಅವರಿಗೆ ತಿಳಿಯದು. ಸ್ವಿಚ್ಚನ್ನು ಒತ್ತುವಾಗ ನಮ್ಮನ್ನು ನಂಬಿಯೇ ಒತ್ತುವರು. ಈ ವರ್ಷ ಮನೆ ಕಟ್ಟಲು ಸಂಕಲ್ಪಿಸಿರುವ ವಾಚಕರು, ಮೇಸ್ತ್ರಿಯು ಬಂದು ‘ನಾಳೆ ಪೈಪು ಹಾಕಿಬಿಡೋಣವೇ?’ ಎಂದು ಕೇಳಿದಾಗ, ಮಂಜೂರಾದ ನಕ್ಷೆಯು ಪೆಟ್ಟಿಗೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಂಡು ಉತ್ತರ ಕೊಡಬೇಕೆಂದು ಪ್ರಾರ್ಥಿಸುತ್ತೇವೆ.